ಕಿವಿಗೆ ಒಂದೇ, ಕಣ್ಣಿಗೆ ಬೇರೆ: ಇಂಗ್ಲಿಷ್‌ನ ಜೋಡಿ ಪದಗಳು ಎಡವಿಸುವುದು ಯಾಕೆ?

ಹೋದ ತಿಂಗಳು ಪಕ್ಕದ ಮನೆಯ ಹುಡುಗಿ ಫೋನ್ ಹಿಡಿದುಕೊಂಡು ಬಂದಳು. ಕೆಲಸಕ್ಕೆ ಸೇರಿ ಇನ್ನೂ ಎರಡು ತಿಂಗಳು. ಗ್ರಾಹಕರೊಬ್ಬರಿಗೆ ಅವಳು ಬರೆದಿದ್ದ ಇಮೇಲ್‌ನ ಒಂದು ಸಾಲಿಗೆ ಮೇಲಿನವರು ಹಳದಿ ಬಣ್ಣ ಹಚ್ಚಿ ವಾಪಸ್ ಕಳಿಸಿದ್ದರು. "ಆಂಟಿ, ಇದ್ರಲ್ಲಿ ತಪ್ಪೇನಿದೆ ನೋಡಿ. ಕಂಪ್ಯೂಟರ್ ಕೂಡ ಕೆಂಪು ಗೆರೆ ಹಾಕಿಲ್ಲ" ಅಂದಳು.

ಸಾಲು ಇಷ್ಟೇ: ‘ಪ್ಲೀಸ್ ಬೇರ್ ವಿತ್ ಅಸ್’. ಸ್ವಲ್ಪ ತಾಳ್ಮೆಯಿಂದಿರಿ ಅನ್ನುವ ಅರ್ಥದಲ್ಲಿ ಬರೆದದ್ದು. ಆದರೆ ಬೇರ್ ಪದವನ್ನು ಅವಳು ಬಿ-ಎ-ಆರ್-ಇ ಅಂತ ಬರೆದಿದ್ದಳು. ಅಲ್ಲಿ ಬೇಕಾಗಿದ್ದದ್ದು ಬಿ-ಇ-ಎ-ಆರ್. ಜೋರಾಗಿ ಓದಿದರೆ ಎರಡೂ ಒಂದೇ. ಅರ್ಥ ಮಾತ್ರ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಅವಳು ಬರೆದ ಪ್ರಕಾರ ‘ದಯವಿಟ್ಟು ನಮ್ಮ ಜೊತೆ ನೀವೂ ಬಟ್ಟೆ ಕಳಚಿ’ ಅಂತಾಗುತ್ತದೆ. ಅದು ಗೊತ್ತಾದಾಗ ಅವಳ ಮುಖ ಸಪ್ಪಗಾಯಿತು.

ಅವಳ ಇಂಗ್ಲಿಷ್ ಚೆನ್ನಾಗಿಯೇ ಇದೆ. ಇಂಗ್ಲಿಷನ್ನೇ ಮನೆಮಾತಾಗಿ ಆಡುವವರೂ ಇದೇ ಜಾಗದಲ್ಲಿ ಎಡವುತ್ತಾರೆ. ಕೆಲಸದ ಮೇಲ್, ವಾಟ್ಸ್ಆ್ಯಪ್, ಅರ್ಜಿ ಅಂತ ನಾವೆಲ್ಲ ಈಗ ದಿನವಿಡೀ ಇಂಗ್ಲಿಷ್ ಬರೆಯುತ್ತಿದ್ದೇವೆ. ಹಾಗಾಗಿ ಈ ಜೋಡಿ ಪದಗಳು ಹುಟ್ಟಿದ್ದು ಹೇಗೆ, ಗುರುತು ಹಿಡಿಯುವುದು ಹೇಗೆ ಅಂತ ಒಂದು ಸಲ ನಿಧಾನವಾಗಿ ನೋಡೋಣ. ಸ್ಪೆಲ್ಲಿಂಗ್ ತೋರಿಸಬೇಕಾದ ಕಡೆ ಮೇಲಿನ ಹಾಗೆ ಅಕ್ಷರ ಬಿಡಿಸಿ ಬರೆದಿದ್ದೇನೆ. ಬಾಯಲ್ಲಿ ಹೇಳಿಕೊಂಡು ಓದಿದರೆ ಸಲೀಸು.

## ಹೋಮೊಫೋನ್ ಅಂದರೆ

ಒಂದೇ ಥರ ಕೇಳಿಸಿ, ಅರ್ಥ ಬೇರೆ ಇರುವ ಪದಗಳಿಗೆ ಇಂಗ್ಲಿಷ್‌ನಲ್ಲಿ ಹೋಮೊಫೋನ್ ಅನ್ನುತ್ತಾರೆ. ಇದರ ಬೇರು ಗ್ರೀಕ್ ಭಾಷೆಯಲ್ಲಿದೆ. ಹೋಮೊ ಅಂದರೆ ‘ಅದೇ’, ಫೋನ್ ಅಂದರೆ ದನಿ. ಟೆಲಿಫೋನ್‌ನಲ್ಲಿರುವ ಫೋನ್ ಕೂಡ ಇದೇ. ಈ ಪದಗಳ ಸ್ಪೆಲ್ಲಿಂಗ್ ಸಾಮಾನ್ಯವಾಗಿ ಬೇರೆ ಬೇರೆ ಇರುತ್ತದೆ. ಮಾತಾಡುವಾಗ ಇದರಿಂದ ಯಾವ ತೊಂದರೆಯೂ ಇಲ್ಲ. ಅದೇ ಹುಡುಗಿ ಫೋನಿನಲ್ಲಿ ‘ಬೇರ್ ವಿತ್ ಅಸ್’ ಅಂದಿದ್ದರೆ ಗ್ರಾಹಕರು ಸುಮ್ನೆ ಕಾಯುತ್ತಿದ್ದರು. ಬರೆಯಲು ಕೂತಾಗಲೇ ಕಷ್ಟ ಶುರು.

ಇದರ ಪಕ್ಕದಲ್ಲೇ ಇನ್ನೊಂದು ಗುಂಪಿದೆ. ಆ ಪದಗಳು ಇಂಗ್ಲಿಷಿನವರ ಬಾಯಲ್ಲಿ ಬೇರೆ ಬೇರೆಯೇ. ನಮ್ಮ ಬಾಯಿಗೆ ಬಂದಾಗ ಒಂದಾಗಿಬಿಡುತ್ತವೆ. ಅವುಗಳ ವಿಷಯ ಸ್ವಲ್ಪ ಮುಂದೆ ಬರುತ್ತದೆ.

## ‘ಹತ್ತು ಮೆಟ್ಟಿಲು ಹತ್ತು’

ಕನ್ನಡದಲ್ಲಿ ಇಂಥ ಪದಗಳಿಲ್ಲವೇ? ಬೇಕಾದಷ್ಟಿವೆ. ‘ಹತ್ತು ಮೆಟ್ಟಿಲು ಹತ್ತು’ ಅನ್ನಿ. ಮೊದಲ ಹತ್ತು ಲೆಕ್ಕ, ಎರಡನೆಯದು ಕೆಲಸ. ಕಾಡು ಅಂದರೆ ಅಡವಿಯೂ ಹೌದು, ಪೀಡಿಸುವುದೂ ಹೌದು. ಅರಸು ಅಂದರೆ ರಾಜ, ಅರಸು ಅಂದರೆ ಹುಡುಕು. ನೆರೆ ಅಂದರೆ ಪಕ್ಕದ ಮನೆ, ಹೊಳೆಯ ಪ್ರವಾಹ, ತಲೆಯ ಬಿಳಿಕೂದಲು ಕೂಡ.

ಆದರೆ ಒಂದು ವಿಷಯ ಗಮನಿಸಿ. ಇವನ್ನು ಬರೆಯುವುದೂ ಒಂದೇ ಥರ. ಎರಡು ಹತ್ತುಗಳಿಗೆ ಎರಡು ಸ್ಪೆಲ್ಲಿಂಗ್ ಇಲ್ಲ. ಕಿವಿ ಹೇಳಿದ್ದನ್ನು ಕೈ ಬರೆಯುತ್ತದೆ, ಅರ್ಥವನ್ನು ಓದುವವರು ವಾಕ್ಯದಿಂದ ತೆಗೆದುಕೊಳ್ಳುತ್ತಾರೆ. ಶ, ಷ ಬಂದಾಗ ಸ್ವಲ್ಪ ತಡಬಡಾಯಿಸುತ್ತೇವೆ, ನಿಜ. ಅಂಥ ಕೆಲವು ಬಿಟ್ಟರೆ ನಮ್ಮ 49 ಅಕ್ಷರಗಳ ವರ್ಣಮಾಲೆ ಆಡಿದ ಹಾಗೇ ಬರೆಯಲು ಬಿಡುತ್ತದೆ.

ಇಂಗ್ಲಿಷ್‌ನಲ್ಲಿರುವುದು 26 ಅಕ್ಷರ. ಆಡುವ ದನಿಗಳು ಸುಮಾರು 44. ಆಳು ಕಡಿಮೆ, ಕೆಲಸ ಜಾಸ್ತಿ. ಹಾಗಾಗಿ ಒಂದೊಂದು ಅಕ್ಷರ ಎರಡು ಮೂರು ಕೆಲಸ ಮಾಡುತ್ತದೆ, ಒಂದೇ ಕೆಲಸಕ್ಕೆ ಬೇರೆ ಬೇರೆ ಜೋಡಿಗಳೂ ನಿಲ್ಲುತ್ತವೆ. ‘ಈ’ ಅನ್ನುವ ಒಂದು ದನಿಯನ್ನು ಇ-ಇ ಅಂತ ಬರೆಯಬಹುದು, ಇ-ಎ ಅಂತ ಬರೆಯಬಹುದು, ಐ-ಇ ಅಂತಲೂ ಬರೆಯಬಹುದು.

ಕನ್ನಡ ಕಲಿತ ನಾವು ಇಂಗ್ಲಿಷ್ ಬರೆಯುವಾಗಲೂ ಕಿವಿಯನ್ನೇ ಕೇಳುತ್ತೇವೆ. ಅದು ಒಂದನೇ ಕ್ಲಾಸಿನಿಂದ ಬಂದ ರೂಢಿ. ಆದರೆ ಇಂಗ್ಲಿಷ್‌ನ ಈ ಪದಗಳ ವಿಷಯದಲ್ಲಿ ಕಿವಿಗೆ ಉತ್ತರ ಗೊತ್ತಿಲ್ಲ. ಸ್ಪೆಲ್ಲಿಂಗ್ ಇಲ್ಲಿ ದನಿಯನ್ನಲ್ಲ, ಪದ ಯಾವ ಮನೆತನದ್ದು ಅನ್ನುವುದನ್ನು ಹೇಳುತ್ತದೆ.

## ಬಾಯಿ ಬದಲಾಯಿತು, ಅಕ್ಷರ ಅಲ್ಲೇ ನಿಂತಿತು

ಈ ಪದಗಳೆಲ್ಲ ಹುಟ್ಟಿದಾಗಿನಿಂದ ಒಂದೇ ಥರ ಕೇಳಿಸುತ್ತಿದ್ದವು ಅಂದುಕೊಳ್ಳಬೇಡಿ. ನೈಟ್ ಅನ್ನುವ ಜೋಡಿ ತೆಗೆದುಕೊಳ್ಳಿ. ಎನ್-ಐ-ಜಿ-ಎಚ್-ಟಿ ಅಂದರೆ ರಾತ್ರಿ. ಮುಂದೆ ಕೆ ಸೇರಿಸಿದರೆ ಕುದುರೆ ಏರಿ ಯುದ್ಧ ಮಾಡುವ ವೀರ. ಆ ಕೆ ಸುಮ್ನೆ ಕೂತಿದೆ ಅನಿಸುತ್ತದೆ ಅಲ್ವಾ? ಹಿಂದೆ ಅದನ್ನು ಬಾಯಿಬಿಟ್ಟು ಹೇಳುತ್ತಿದ್ದರು. ನಡುವಿನ ಜಿ-ಎಚ್ ಕೂಡ ಗಂಟಲಿನಿಂದ ಬರುವ ದನಿಯಾಗಿತ್ತು. ವೀರ ಅವರ ಬಾಯಲ್ಲಿ ಹೆಚ್ಚುಕಡಿಮೆ ‘ಕ್ನಿಹ್ತ್’, ರಾತ್ರಿ ‘ನಿಹ್ತ್’. ಇಂಗ್ಲಿಷ್‌ನ ದಾಯಾದಿಯಾದ ಜರ್ಮನ್‌ನಲ್ಲಿ ರಾತ್ರಿಗೆ ಇವತ್ತಿಗೂ ‘ನಾಖ್ಟ್’ ಅನ್ನುತ್ತಾರೆ. ಇಂಗ್ಲಿಷಿನವರು ಆ ದನಿಗಳನ್ನು ನಿಧಾನವಾಗಿ ಬಿಟ್ಟರು. ಅಕ್ಷರಗಳು ಉಳಿದುಕೊಂಡವು.

ಸ್ವರಗಳೂ ಸರಿದವು. ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷ್‌ನ ದೀರ್ಘ ಸ್ವರಗಳೆಲ್ಲ ಜಾಗ ಬದಲಾಯಿಸಿದವು. ಎಂ-ಇ-ಇ-ಟಿ ಅಂದರೆ ಭೇಟಿಯಾಗು, ಎಂ-ಇ-ಎ-ಟಿ ಅಂದರೆ ಮಾಂಸ. ಮೊದಲು ಇವೆರಡೂ ಬೇರೆ ಬೇರೆ ದನಿಯವು. ಎರಡೂ ನಮ್ಮ ‘ಏ’ ಹತ್ತಿರದವೇ, ಆದರೆ ಮಾಂಸದ್ದಕ್ಕೆ ಬಾಯಿ ಸ್ವಲ್ಪ ಹೆಚ್ಚು ತೆರೆಯಬೇಕಿತ್ತು. ಆಮೇಲೆ ಎರಡೂ ‘ಮೀಟ್’ ಆದವು. ನೋಡು ಮತ್ತು ಸಮುದ್ರ ಎರಡೂ ‘ಸೀ’ ಆದದ್ದು, ವಾರ ಮತ್ತು ಬಲವಿಲ್ಲದ ಎರಡೂ ‘ವೀಕ್’ ಆದದ್ದು ಹೀಗೆಯೇ. ಇ-ಇ ಮತ್ತು ಇ-ಎ ಅನ್ನುವ ಸ್ಪೆಲ್ಲಿಂಗ್‌ಗಳು ಆ ಹಳೆಯ ವ್ಯತ್ಯಾಸದ ಗುರುತು.

ಬಾಯಿ ಬದಲಾಗುತ್ತಿದ್ದ ಹೊತ್ತಿನಲ್ಲೇ ಇನ್ನೊಂದು ಘಟನೆ ನಡೆಯಿತು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಲಂಡನ್ ಪಕ್ಕದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ಹಾಕಿದ. ಪುಸ್ತಕಗಳು ಅಚ್ಚಾಗತೊಡಗಿದ ಮೇಲೆ ಸ್ಪೆಲ್ಲಿಂಗ್ ಮೆಲ್ಲಗೆ ಗಟ್ಟಿಯಾಗುತ್ತಾ ಬಂತು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್‌ರ ನಿಘಂಟು ಬಂದಮೇಲೆ ಇನ್ನೂ ಗಟ್ಟಿಯಾಯಿತು. ಆಧಾರ್ ಕಾರ್ಡಿನ ಫೋಟೊ ನೆನಪಿಸಿಕೊಳ್ಳಿ. ಮುಖ ವರ್ಷ ವರ್ಷ ಬದಲಾಗುತ್ತದೆ, ಫೋಟೊ ತೆಗೆದ ದಿನದ್ದೇ ಇರುತ್ತದೆ. ಇಂಗ್ಲಿಷ್ ಸ್ಪೆಲ್ಲಿಂಗ್ ಅಂಥ ಹಳೇ ಫೋಟೊ. ಇಬ್ಬರ ಮುಖ ಈಗ ಒಂದೇ ಥರ ಆಗಿದ್ದರೂ ಫೋಟೊದಲ್ಲಿ ಬೇರೆ ಬೇರೆ ಕಾಣುತ್ತಾರೆ.

ಇನ್ನೊಂದು ಕಾರಣವೂ ಇದೆ. ಇಂಗ್ಲಿಷ್ ಮನೆಗೆ ಹೊರಗಿನ ನೆಂಟರು ಜಾಸ್ತಿ. 1066ರಲ್ಲಿ ಫ್ರಾನ್ಸ್ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡ್ ಗೆದ್ದಮೇಲೆ ಫ್ರೆಂಚ್ ಪದಗಳು ಪ್ರವಾಹದ ಹಾಗೆ ಬಂದವು. ಲ್ಯಾಟಿನ್ ಪದಗಳು ಚರ್ಚು ಮತ್ತು ಓದಿನ ದಾರಿಯಲ್ಲಿ ಬಂದವು. ಬೇರೆ ಬೇರೆ ಊರಿಂದ ಬಂದವರ ಹೆಸರು ಅಕಸ್ಮಾತ್ ಒಂದೇ ಥರ ಕೇಳಿಸಿದರೆ ಆಶ್ಚರ್ಯವೇನಿಲ್ಲ.

ನಮ್ಮ ಬಸ್ ಕಂಡಕ್ಟರ್ ಕೂಗುವ ‘ರೈಟ್ ರೈಟ್’ ಅನ್ನೇ ನೋಡಿ. ಅದು ಆರ್-ಐ-ಜಿ-ಎಚ್-ಟಿ, ಸರಿ ಅನ್ನುವ ಅರ್ಥದ್ದು. ಬರೆಯುವ ರೈಟ್‌ಗೆ ಮುಂದೆ ಡಬ್ಲ್ಯು ಇದೆ, ಕೊನೆಗೆ ಟಿ-ಇ. ಆ ಡಬ್ಲ್ಯು ಕೂಡ ಒಂದು ಕಾಲದಲ್ಲಿ ಕೇಳಿಸುತ್ತಿತ್ತು. ಮದುವೆ, ತಿಥಿಯಂಥ ವಿಧಿಗೆ ಆರ್-ಐ-ಟಿ-ಇ. ಇದು ಲ್ಯಾಟಿನ್‌ನಿಂದ ಬಂದದ್ದು. ನಾಲ್ಕನೆಯದೂ ಒಂದಿದೆ, ಡಬ್ಲ್ಯು-ಆರ್-ಐ-ಜಿ-ಎಚ್-ಟಿ. ಹಾಗಂದರೆ ಕೈಯಿಂದ ಮಾಡುವವನು, ಕಸುಬುದಾರ. ಗಾಡಿಯ ಚಕ್ರ ಮಾಡುವ ಬಡಗಿ ‘ವೀಲ್‌ರೈಟ್’. ಗಿರೀಶ್ ಕಾರ್ನಾಡರಂಥ ನಾಟಕಕಾರರು ‘ಪ್ಲೇರೈಟ್’. ಬಹಳ ಜನ ಇದರಲ್ಲಿ ಬರೆಯುವ ರೈಟ್ ಇದೆ ಅಂದುಕೊಂಡಿದ್ದಾರೆ. ಇರುವುದು ಬಡಗಿಯ ರೈಟ್. ನಾಟಕವನ್ನು ‘ಕಟ್ಟುತ್ತಾರೆ’ ಅಂತ ನಾವೂ ಹೇಳುತ್ತೇವಲ್ಲ, ಹಾಗೆ.

## ಒಂದೇ ಮನೆಯಲ್ಲಿ ಹುಟ್ಟಿ ಬೇರೆಯಾದವು

ಕೆಲವು ಜೋಡಿಗಳದ್ದು ಇದಕ್ಕೆ ಉಲ್ಟಾ ಕಥೆ. ಅಡುಗೆಮನೆಯಲ್ಲಿ ಗೋಧಿಹಿಟ್ಟಿನ ಪ್ಯಾಕೆಟ್ ಇದ್ದರೆ ತೆಗೆದು ನೋಡಿ. ಹಿಟ್ಟಿಗೆ ಎಫ್-ಎಲ್-ಒ-ಯು-ಆರ್ ಅಂತ ಬರೆದಿರುತ್ತಾರೆ. ಹೂವಿಗೆ ಎಫ್-ಎಲ್-ಒ-ಡಬ್ಲ್ಯು-ಇ-ಆರ್. ಎರಡೂ ಫ್ಲವರ್ ಅಂತಲೇ ಕೇಳಿಸುತ್ತವೆ. ಕಾರಣ, ಇವೆರಡೂ ಮೂಲದಲ್ಲಿ ಒಂದೇ ಪದ. ಫ್ರೆಂಚ್‌ನಿಂದ ಬಂದ ‘ಹೂವು’. ಬೀಸಿದ ಧಾನ್ಯವನ್ನು ಜರಡಿ ಹಿಡಿದಾಗ ಸಿಗುವ ನುಣ್ಣನೆಯ, ಉತ್ತಮ ಭಾಗವನ್ನು ‘ಧಾನ್ಯದ ಹೂವು’ ಅಂತ ಕರೆಯುತ್ತಿದ್ದರು. ಜಾನ್ಸನ್‌ರ 1755ರ ನಿಘಂಟಿನಲ್ಲಿ ಕೂಡ ಎರಡಕ್ಕೂ ಬೇರೆ ಬೇರೆ ಸ್ಪೆಲ್ಲಿಂಗ್ ಇರಲಿಲ್ಲ. ಹಿಟ್ಟಿನದ್ದು ಪೂರ್ತಿ ಬೇರೆಯಾದದ್ದು ಆಮೇಲೆ. ನನಗೆ ಈ ಕಥೆ ತುಂಬ ಇಷ್ಟ. ಜರಡಿ ಹಿಡಿದ ಹಿಟ್ಟನ್ನು ಬೆರಳಲ್ಲಿ ಮುಟ್ಟಿದವರಿಗೆ ಅದಕ್ಕೆ ಹೂವು ಅಂತ ಯಾಕೆ ಕರೆದರು ಅಂತ ಬೇರೆ ಹೇಳಬೇಕಾಗಿಲ್ಲ.

ಸ್ಟೇಷನರಿ ಇನ್ನೊಂದು. ನಮ್ಮ ಊರುಗಳ ಶಾಲೆ ಎದುರಿನ ಅಂಗಡಿ ಬೋರ್ಡುಗಳಲ್ಲಿ ಈ ಪದದ ಕೊನೆಗೆ ಎ-ಆರ್-ವೈ ಇರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಪೆನ್ನು, ಪುಸ್ತಕ, ಕಾಗದಕ್ಕೆ ಬೇಕಾದದ್ದು ಇ-ಆರ್-ವೈ. ಎ ಇದ್ದರೆ ‘ನಿಂತಲ್ಲೇ ನಿಂತಿರುವ’ ಅಂತ ಅರ್ಥ. ಇವೆರಡೂ ಕೂಡ ಒಂದೇ ಬೇರಿನವು. ಹಿಂದೆ ಯುರೋಪಿನಲ್ಲಿ ಹೆಚ್ಚಿನ ವ್ಯಾಪಾರಿಗಳು ಊರೂರು ತಿರುಗಿ ಮಾರುತ್ತಿದ್ದರು. ಒಂದೇ ಕಡೆ ಅಂಗಡಿ ಇಟ್ಟುಕೊಂಡು ಕೂತಿರುತ್ತಿದ್ದವರು ಪುಸ್ತಕ ಮಾರುವವರು. ಹಾಗೆ ನೆಲೆನಿಂತವರಿಗೆ ‘ಸ್ಟೇಷನರ್’ ಅನ್ನುವ ಹೆಸರು ಬಂತು. ಲಂಡನ್‌ನಲ್ಲಿ ಅವರ ಸಂಘಕ್ಕೆ 1557ರಲ್ಲಿ ರಾಜಮನ್ನಣೆಯೂ ಸಿಕ್ಕಿತು. ಸ್ಟೇಷನರ್ ಮಾರುವ ಸಾಮಾನು ಸ್ಟೇಷನರಿ. ಬೇಕರ್ ಮಾಡಿದರೆ ಬೇಕರಿ ಆದ ಹಾಗೆ. ಬೇಕರಿಯಲ್ಲಿ ಇ-ಆರ್-ವೈ ಇರುವುದು ನೆನಪಿದ್ದರೆ ಇದೂ ನೆನಪಿರುತ್ತದೆ.

## ನಮ್ಮ ಕಿವಿಗೆ ಮಾತ್ರ ಒಂದೇ

‘ಬೆಳೆಗೆ ಬೆಲೆ ಇಲ್ಲ’. ಈ ಸಾಲಿನಲ್ಲಿ ಬೆಳೆ, ಬೆಲೆ ನಮಗೆ ಸ್ಪಷ್ಟವಾಗಿ ಬೇರೆ. ಇಂಗ್ಲಿಷ್ ಮಾತ್ರ ಗೊತ್ತಿರುವವರಿಗೆ ಎರಡೂ ಒಂದೇ ಕೇಳಿಸುತ್ತವೆ. ಅವರ ಭಾಷೆಯಲ್ಲಿ ಳ ಇಲ್ಲ, ಕಿವಿಗೆ ಅದನ್ನು ಹಿಡಿಯುವ ಅಭ್ಯಾಸ ಇಲ್ಲ. ಮನೆ, ಮಣೆ ಕೂಡ ಅವರಿಗೆ ಹಾಗೆಯೇ.

ನಮಗೆ ಇದೇ ಕಷ್ಟ ವಿ ಮತ್ತು ಡಬ್ಲ್ಯು ವಿಷಯದಲ್ಲಿ. ಎರಡಕ್ಕೂ ನಮ್ಮ ಹತ್ತಿರ ಇರುವುದು ಒಂದೇ ವ. ಹಾಗಾಗಿ ಬನಿಯನ್‌ನ ವೆಸ್ಟ್, ಪಶ್ಚಿಮದ ವೆಸ್ಟ್ ಒಂದೇ ಆಗುತ್ತವೆ. ಬಳ್ಳಿಯ ವೈನ್, ಕುಡಿಯುವ ವೈನ್ ಕೂಡ. ವಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಡಬ್ಲ್ಯುಗೆ ಹಲ್ಲು ತಾಗಬಾರದು, ದೀಪ ಊದುವ ಹಾಗೆ ತುಟಿ ದುಂಡಗಾಗಬೇಕು. ಕನ್ನಡಿ ಮುಂದೆ ನಿಂತು ಒಂದೆರಡು ಸಲ ಹೇಳಿ ನೋಡಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಲೂಸ್ ಇನ್ನೊಂದು ದೊಡ್ಡ ಗೊಂದಲ. ‘ಚಡ್ಡಿ ಲೂಸಾಗಿದೆ’ ಅಂತ ನಾವು ಹೇಳುವ ಲೂಸ್‌ಗೆ ಎರಡು ಒ: ಎಲ್-ಒ-ಒ-ಎಸ್-ಇ. ಕಳೆದುಕೊಳ್ಳುವುದಕ್ಕೆ, ಸೋಲುವುದಕ್ಕೆ ಒಂದೇ ಒ: ಎಲ್-ಒ-ಎಸ್-ಇ. ಇಂಗ್ಲಿಷಿನವರು ಎರಡನೆಯದನ್ನು ಕೊನೆಯಲ್ಲಿ ದುಂಬಿ ಗುಂಯ್‌ಗುಟ್ಟುವ ಝ್ ದನಿ ಸೇರಿಸಿ ಹೇಳುತ್ತಾರೆ. ನಮ್ಮಲ್ಲಿ ಆ ದನಿ ಇಲ್ಲ. ನೆನಪಿಗೆ ಹೀಗೆ ಇಟ್ಟುಕೊಳ್ಳಿ: ಒಂದು ಒ ಕಳೆದುಹೋಗಿರುವುದೇ ‘ಕಳೆದುಕೊಳ್ಳು’.

ಡೈರಿ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಹಾಲು ಹಾಕುವುದೂ ಡೈರಿಗೆ, ದಿನಚರಿ ಬರೆಯುವುದೂ ಡೈರಿಯಲ್ಲಿ. ಬೆಂಗಳೂರಿನ ಡೈರಿ ಸರ್ಕಲ್ ಹೆಸರು ಬಂದದ್ದು ಹಾಲಿನಿಂದ. ಇಂಗ್ಲಿಷ್‌ನಲ್ಲಿ ಹಾಲಿನದ್ದು ‘ಡೇರಿ’, ಡಿ-ಎ-ಐ-ಆರ್-ವೈ. ದಿನಚರಿಯದ್ದು ‘ಡೈಅರಿ’, ಡಿ-ಐ-ಎ-ಆರ್-ವೈ. ದಿನಕ್ಕೆ ಲ್ಯಾಟಿನ್‌ನಲ್ಲಿ ‘ದಿಯೆಸ್’ ಅನ್ನುತ್ತಾರೆ. ದಿಯೆಸ್‌ನಲ್ಲೂ ಡಿ ಆದಮೇಲೆ ಐ, ದಿನಚರಿಯಲ್ಲೂ ಡಿ ಆದಮೇಲೆ ಐ.

ಎಕ್ಸೆಪ್ಟ್ ಬರೆಯುವಾಗ ಹುಷಾರಾಗಿರಿ. ಎ-ಸಿ-ಸಿಯಿಂದ ಶುರುವಾದರೆ ಒಪ್ಪಿಕೊಳ್ಳು, ಇ-ಎಕ್ಸ್‌ನಿಂದ ಶುರುವಾದರೆ ‘ಅದೊಂದು ಬಿಟ್ಟು’. ಅಂಗಡಿಯಲ್ಲಿ ಕಾರ್ಡ್ ತೆಗೆದುಕೊಳ್ಳುತ್ತೇವೆ ಅಂತ ಬರೆಯಲು ಹೋಗಿ ಇ-ಎಕ್ಸ್ ಹಾಕಿದರೆ ಅರ್ಥ ತಿರುಗಿಬೀಳುತ್ತದೆ.

## ಕಿವಿಯನ್ನು ಬಿಟ್ಟು ಅರ್ಥವನ್ನು ಕೇಳುವುದು

ಮೊದಲ ದಾರಿ, ಪದದ ನೆಂಟರನ್ನು ಹುಡುಕುವುದು. ಎರಡು ಅನ್ನುವ ಟೂನಲ್ಲಿ ಡಬ್ಲ್ಯು ಯಾಕಿದೆ? ಅವಳಿಗೆ ಟ್ವಿನ್, ಎರಡು ಸಲಕ್ಕೆ ಟ್ವೈಸ್, ಹನ್ನೆರಡಕ್ಕೆ ಟ್ವೆಲ್ವ್, ಇಪ್ಪತ್ತಕ್ಕೆ ಟ್ವೆಂಟಿ. ಇಡೀ ಮನೆಯಲ್ಲಿ ಡಬ್ಲ್ಯು ಕೇಳಿಸುತ್ತಿದೆ, ಟೂನಲ್ಲಿ ಮಾತ್ರ ಮೌನವಾಗಿದೆ. ಇಲ್ಲಿ, ಅಲ್ಲಿ, ಎಲ್ಲಿ ಅನ್ನುವ ಮೂರೂ ಇಂಗ್ಲಿಷ್ ಪದಗಳ ಕೊನೆಗೆ ಇ-ಆರ್-ಇ ಇದೆ. ಜಾಗ ಹೇಳುವ ಮನೆ ಅದು. ಕೇಳುವ ‘ಹಿಯರ್’ನೊಳಗೆ ಕಿವಿಯ ಇ-ಎ-ಆರ್ ಇದೆ. ‘ಅವರ’ ಅನ್ನುವ ದೇರ್ ಬೇರೆಯೇ ಮನೆಯದು. ಹಿಂದೆ ಉತ್ತರ ಯುರೋಪಿನಿಂದ ಹಡಗಿನಲ್ಲಿ ಬಂದ ವೈಕಿಂಗರ ಭಾಷೆಯ ಪದ. ಅದಕ್ಕೇ ಅದರಲ್ಲಿ ಇ-ಐ-ಆರ್ ಇದೆ.

ಎರಡನೆಯದು, ಕನ್ನಡಕ್ಕೆ ತಿರುಗಿಸಿ ನೋಡುವುದು. ಹೆಚ್ಚಿನವರು ಇದನ್ನು ಮಾಡುವುದಿಲ್ಲ. ನನ್ನ ಪ್ರಕಾರ ನಮಗಿರುವ ದೊಡ್ಡ ಅನುಕೂಲವೇ ಇದು. ‘ತಟ್ಟಿತು, ಪರಿಣಾಮ ಬೀರಿತು’ ಅಂತ ಬಂದರೆ ಎ ಇರುವ ಅಫೆಕ್ಟ್. ಬರೀ ‘ಪರಿಣಾಮ’ ಅಂತ ಬಂದರೆ ಇ ಇರುವ ಎಫೆಕ್ಟ್. ಅಪರೂಪದ ಒಂದೆರಡು ಬಳಕೆ ಬಿಟ್ಟರೆ ಇದು ನಡೆಯುತ್ತದೆ. ಅಡ್ವೈಸ್‌ಗೆ ‘ಸಲಹೆ’ ಅಂತ ಬಂದರೆ ಸಿ, ‘ಸಲಹೆ ಕೊಡು’ ಅಂತ ಬಂದರೆ ಎಸ್. ಬ್ರಿಟಿಷ್ ರೂಢಿಯಲ್ಲಿ ಲೈಸೆನ್ಸ್ ಕೂಡ ಹೀಗೆ. ನಮ್ಮ ಡಿಎಲ್ ಕಾರ್ಡ್ ತೆಗೆದು ನೋಡಿ, ಕೊನೆಯಲ್ಲಿ ಸಿ-ಇ ಇದೆ. ಅಮೆರಿಕದಲ್ಲಿ ಲೈಸೆನ್ಸ್‌ನ ಎರಡು ಅರ್ಥಕ್ಕೂ ಎಸ್ ಬಳಸುತ್ತಾರೆ. ಬ್ಯಾಂಕ್ ಸಾಲದ ಕಾಗದದಲ್ಲಿ ‘ಅಸಲು’ ಇದ್ದ ಕಡೆ, ಕಾಲೇಜಿನಲ್ಲಿ ‘ಮುಖ್ಯಸ್ಥರು’ ಇದ್ದ ಕಡೆ ಪ್ರಿನ್ಸಿಪಲ್‌ನ ಕೊನೆ ಪಿ-ಎ-ಎಲ್. ‘ತತ್ವ’ ಇದ್ದ ಕಡೆ ಪಿ-ಎಲ್-ಇ.

ಹುಡುಗಿಯ ಬೇರ್‌ಗೂ ಇದೇ ಮದ್ದು. ಬಿ-ಇ-ಎ-ಆರ್ ಅಂದರೆ ಹೊರುವುದು, ತಾಳುವುದು, ಹೆರುವುದು. ಬಿ-ಎ-ಆರ್-ಇ ಅಂದರೆ ಏನೂ ಹೊದ್ದಿಲ್ಲದ್ದು. ಕನ್ನಡದಲ್ಲಿ ಅದಕ್ಕೆ ಪದ ಏನು? ‘ಬರಿ’! ಬರಿಗಾಲು, ಬರಿಗೈ, ಬರಿಮೈ. ಇವೆರಡೂ ಹತ್ತಿರ ಕೇಳಿಸುವುದು ಕಾಕತಾಳೀಯ, ನೆಂಟಸ್ತಿಕೆ ಏನಿಲ್ಲ. ಆದರೆ ನೆನಪಿಗೆ ಇದಕ್ಕಿಂತ ಒಳ್ಳೆಯ ಗುರುತು ಸಿಗಲಾರದು. ಬ-ರಿ ಅನ್ನುವ ಹಾಗೆ ಬಿ-ಎ, ಆಮೇಲೆ ಆರ್-ಇ.

ಇನ್ನು ಅಕ್ಷರದ ತಲೆ ಮೇಲಿನ ಚಿಕ್ಕ ಚುಕ್ಕಿ, ಅಪಾಸ್ಟ್ರಫಿ. ಇಟ್ಸ್, ಯುವರ್, ದೇರ್ ಮೂರರಲ್ಲೂ ಒಂದೇ ಪರೀಕ್ಷೆ. ಬಿಡಿಸಿ ಓದಿ. ‘ಇಟ್ ಈಸ್’, ‘ಯು ಆರ್’, ‘ದೇ ಆರ್’ ಅಂದಾಗ ವಾಕ್ಯ ನಿಂತರೆ ಚುಕ್ಕಿ ಬೇಕು. ‘ಅದರ’, ‘ನಿಮ್ಮ’, ‘ಅವರ’ ಅಂತ ಇದ್ದರೆ ಬೇಡ.

## ಕೆಂಪು ಗೆರೆ ಯಾಕೆ ಬರಲಿಲ್ಲ?

ಹುಡುಗಿಯ ಮುಖ್ಯ ದೂರು ಇದೇ ಆಗಿತ್ತು. ಸಾದಾ ಸ್ಪೆಲ್‌ಚೆಕ್ ಮಾಡುವ ಕೆಲಸ ಬಹಳ ಚಿಕ್ಕದು. ನೀವು ಬರೆದ ಪದ ತನ್ನ ಪಟ್ಟಿಯಲ್ಲಿ ಇದೆಯೋ ಇಲ್ಲವೋ ಅಂತ ನೋಡುತ್ತದೆ, ಅಷ್ಟೇ. ಪರೀಕ್ಷೆಯ ದಿನ ಗೇಟಿನಲ್ಲಿ ಹಾಲ್ ಟಿಕೆಟ್ ನೋಡಿ ಒಳಗೆ ಬಿಡುವವರ ಹಾಗೆ. ಒಳಗೆ ಹೋದವರು ತಪ್ಪು ಕೋಣೆಯಲ್ಲಿ ಕೂತರೆ ಅವರಿಗೆ ಗೊತ್ತಾಗುವುದಿಲ್ಲ. ಬಿ-ಎ-ಆರ್-ಇ ಒಳ್ಳೆಯ ಇಂಗ್ಲಿಷ್ ಪದವೇ. ಗೇಟು ದಾಟಿತು.

ಈಗಿನ ಗ್ರಾಮರ್ ಚೆಕ್‌ಗಳು, ಮಾತಾಡಿದ್ದನ್ನು ಟೈಪ್ ಮಾಡುವ ಫೋನ್‌ಗಳು ಅಕ್ಕಪಕ್ಕದ ಪದಗಳನ್ನೂ ನೋಡುತ್ತವೆ. ಇಂಥ ಪದಗಳ ನಡುವೆ ಸಾಮಾನ್ಯವಾಗಿ ಯಾವುದು ಬರುತ್ತದೆ ಅಂತ ಅಂದಾಜು ಮಾಡುತ್ತವೆ. ಬೇರ್‌ನಂಥ ತಪ್ಪನ್ನು ಅವು ಎಷ್ಟೋ ಸಲ ಹಿಡಿಯುತ್ತವೆ. ಎರಡೂ ಪದ ಸರಿಹೊಂದುವ ಕಡೆ ಮಾತ್ರ ಕೈಚೆಲ್ಲುತ್ತವೆ.

ಅಂಥದ್ದೇ ಒಂದು ಮೊನ್ನೆ ಸಿಕ್ಕಿತು. ಹುಡುಗಿ ಮತ್ತೆ ಬಂದಳು, ಈ ಸಲ ಮೇಲ್ ಕಳಿಸುವ ಮೊದಲೇ. ‘ಕಾಂಪ್ಲಿಮೆಂಟರಿ ಸರ್ವಿಸ್’ ಅಂತ ಬರೆಯಬೇಕಿತ್ತು. ನಡುವೆ ಎಲ್ ಆದಮೇಲೆ ಐ ಹಾಕಿದರೆ ‘ಉಚಿತ’. ಇ ಹಾಕಿದರೆ ‘ಇನ್ನೊಂದಕ್ಕೆ ಜೊತೆಯಾಗಿ ಅದನ್ನು ಪೂರ್ತಿ ಮಾಡುವಂಥದ್ದು’. ಎರಡನ್ನೂ ಟೈಪ್ ಮಾಡಿ ನೋಡಿದ್ದಳು. ಎರಡಕ್ಕೂ ಗೆರೆ ಬಿದ್ದಿರಲಿಲ್ಲ.

"ಆ ಸರ್ವಿಸ್‌ಗೆ ದುಡ್ಡು ತಗೋತೀರಾ?" ಅಂತ ಕೇಳಿದೆ.

"ಇಲ್ಲ ಆಂಟಿ, ಫ್ರೀ." ಒಂದು ಕ್ಷಣ ಯೋಚಿಸಿದಳು. "ಹಾಗಾದ್ರೆ ಐ."